ರಶೀದಿ ಇಲ್ಲದ ಖರ್ಚು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಮ್ಮ ಟ್ರಸ್ಟಿನ ಹಳೆಯ ಫಲಾನುಭವಿಯೊಬ್ಬರು ಆಡಿದ ಮಾತುಗಳ ಬರಹರೂಪ)

 

ಈ ಟ್ರಸ್ಟಿನ ಹಣದಿಂದ ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು ನಾನು. ಅಬ್ಬಾ ರೈಸ್ ಮಿಲ್ಲಿನಲ್ಲಿ ಹಮಾಲಿ. ಸಿರಿಗೇರಿಯಿಂದ ದಿನಾ ಬಸ್ ಪಾಸಿನ ಮೇಲೆ ಓಡಾಡಿ 2019ರಲ್ಲಿ ಪಾಸಾದೆ. ಇವತ್ತು ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಇದ್ದೇನೆ. ಅಧ್ಯಕ್ಷರು 'ನಿನ್ನ ಸಾಧನೆ ಹೇಳಪ್ಪ, ಹುಡುಗರಿಗೆ ಹುರುಪು ಬರಲಿ' ಎಂದಿದ್ದಾರೆ. ಅವರ ಕ್ಷಮೆ ಕೇಳಿ, ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ನಮ್ಮ ಕಾಲದ ವಿಟಿಯು ಸಿಲಬಸ್ಸಿನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಇತ್ತು. ಎಲ್ಲಾದರೂ ಒಂದು ಫ್ಯಾಕ್ಟರಿಯಲ್ಲಿ ಇದ್ದು ಕೆಲಸ ನೋಡಿ, ವರದಿ ಬರೆದು, ಸರ್ಟಿಫಿಕೇಟ್ ತರಬೇಕು. ಸ್ಟೂಡೆಂಟ್ ಬಸ್ ಪಾಸ್ ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ ನಡೆಯುತ್ತದೆ, ಫ್ಯಾಕ್ಟರಿಯ ದಾರಿಗೆ ನಡೆಯುವುದಿಲ್ಲ. ಹೊರಗೆ ಇರಬೇಕೆಂದರೆ ರೂಮಿನ ಬಾಡಿಗೆ, ಅಡ್ವಾನ್ಸ್, ಊಟ, ಸೇಫ್ಟಿ ಶೂ. ಅಬ್ಬಾನ ಹತ್ತಿರ ಕೇಳಲು ನನಗೆ ಬಾಯಿ ಬರಲಿಲ್ಲ. ಟ್ರಸ್ಟಿಗೆ ಕೇಳೋಣವೆಂದರೆ, ಟ್ರಸ್ಟು ಫೀಸಿನ ರಶೀದಿ ನೋಡಿ ಹಣ ಕೊಡುತ್ತಿತ್ತು. ಬಾಡಿಗೆಗೆ ಯಾರು ರಶೀದಿ ಕೊಡುತ್ತಾರೆ? ಕೊನೆಗೆ 1,500 ರೂಪಾಯಿ ಕೊಟ್ಟು ಒಂದು ಸರ್ಟಿಫಿಕೇಟ್ ಕೊಂಡುಕೊಂಡೆ. ಹೊರ ಜಿಲ್ಲೆಯ ಪಂಪ್ ಫ್ಯಾಕ್ಟರಿಯದು. ವರದಿಯೂ ಅವರದೇ. ಹೆಸರು ಮಾತ್ರ ನನ್ನದು.

ಕೆಲವು ತಿಂಗಳ ಮೇಲೆ ಒಂದು ಕಂಪನಿಯ ಸಂದರ್ಶನಕ್ಕೆ ಹೋದೆ. ಎದುರಿಗಿದ್ದ ಹಿರಿಯ ಇಂಜಿನಿಯರ್ ಸರ್ಟಿಫಿಕೇಟ್ ನೋಡಿ, ಸೆಂಟ್ರಿಫ್ಯೂಗಲ್ ಪಂಪನ್ನು ಪ್ರೈಮ್ ಮಾಡುವುದು ಯಾಕೆ ಎಂದರು. ಪುಸ್ತಕದಲ್ಲಿ ಇದ್ದದ್ದನ್ನು ಗಟಗಟ ಹೇಳಿದೆ. ತಲೆ ಅಲ್ಲಾಡಿಸಿದರು. ಆಮೇಲೆ ಸುಮ್ಮನೆ ಮನೆ ಮಾತಿನ ಹಾಗೆ, 'ಅಲ್ಲಿ ಊಟಕ್ಕೆ ಎಷ್ಟು ಹೊತ್ತಿಗೆ ಬಿಡುತ್ತಿದ್ದರು?' ಎಂದು ಕೇಳಿದರು.

ಏನೋ ಒಂದು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಅವರು ಬೈಯಲಿಲ್ಲ. ಫೈಲು ಮುಚ್ಚಿ ನನ್ನ ಕಡೆ ಸರಿಸಿದರು. ಮನೆಗೆ ಬಂದು ಅಮ್ಮಿಗೆ 'ಸೀಟು ತುಂಬಿದ್ದವು' ಎಂದು ಹೇಳಿದೆ. ನಿಜ ಸಂಗತಿ ಅವರಿಗೂ ಇವತ್ತೇ ಗೊತ್ತಾಗುತ್ತಿರುವುದು, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಆಗ ನಾಲ್ಕು ವಾರವಿದ್ದದ್ದು ಈಗ ಬಹಳ ಬೆಳೆದಿದೆ. ವಿಟಿಯುನ 2022ರ ಸ್ಕೀಮಿನಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಡಿಗ್ರಿಯ ಒಟ್ಟು 160 ಕ್ರೆಡಿಟ್‌ಗಳಲ್ಲಿ 10 ಕ್ರೆಡಿಟ್ ಅದಕ್ಕೇ ಮೀಸಲು. ಏಳು, ಎಂಟನೇ ಸೆಮಿಸ್ಟರನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ಅವಕಾಶವಿದೆ. ಅಟಾನಮಸ್ ಕಾಲೇಜುಗಳ ಲೆಕ್ಕ ಬೇರೆ ಇರುತ್ತದೆ, ಕೇಳಿಕೊಳ್ಳಿ.

ಇದೇನು ಹೊಸ ವಿಚಾರವಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಮನ್ ಶ್ನೈಡರ್ ಎಂಬ ಮೇಷ್ಟ್ರು 1906ರಲ್ಲೇ ಹುಡುಗರನ್ನು ಸರದಿಯ ಮೇಲೆ ಕ್ಲಾಸಿಗೂ ಕಾರ್ಖಾನೆಗೂ ಕಳಿಸಲು ಶುರು ಮಾಡಿದರು. ಕೊಯಮತ್ತೂರಿನ ಪಿಎಸ್‌ಜಿ ಕಾಲೇಜಿನ ಐದು ವರ್ಷದ ಸ್ಯಾಂಡ್‌ವಿಚ್ ಬಿ.ಇ. ಹೆಸರುವಾಸಿ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ, ಹೊಸಪೇಟೆಯಲ್ಲೂ ಕೇಂದ್ರವಿದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಾಲ್ಕನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲಿ. ಬಿ.ಇ. ಸೀಟೇ ಬೇಕೆಂದು ಹಟ ಹಿಡಿದು ಕೂರುವ ಮನೆಗಳು ಈ ಕಡೆ ಒಮ್ಮೆ ನೋಡಲಿ ಎಂಬುದು ನನ್ನ ಅಭಿಪ್ರಾಯ. ಯಾರಾದರೂ ಬೇಜಾರು ಮಾಡಿಕೊಂಡರೂ ಸರಿ.

ಇನ್ನೊಂದು ಗೊಂದಲ. ಇಂಟರ್ನ್‌ಶಿಪ್ ಬೇರೆ, ಅಪ್ರೆಂಟಿಸ್‌ಶಿಪ್ ಬೇರೆ. ಇಂಟರ್ನ್‌ಶಿಪ್ ಓದಿನ ಒಳಗೇ ಬರುತ್ತದೆ, ಅದಕ್ಕೆ ಸ್ಟೈಪೆಂಡ್ ಕೊಡುವುದು ಬಿಡುವುದು ಕಂಪನಿಗೆ ಬಿಟ್ಟದ್ದು. ಅಪ್ರೆಂಟಿಸ್‌ಶಿಪ್ ಡಿಗ್ರಿ ಆದ ಮೇಲಿನ ಒಂದು ವರ್ಷ, 1961ರ ಕಾಯ್ದೆಯ ಪ್ರಕಾರ. 2019ರ ಸೆಪ್ಟೆಂಬರಿನ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ಗೊತ್ತುಪಡಿಸಿದರು. ನನ್ನನ್ನು ಉಳಿಸಿದ್ದು ಆ ವರ್ಷವೇ. ಅಕ್ಟೋಬರಿನಲ್ಲಿ ಸೇರಿದೆ.

ಎರಡನೇ ವಾರ ಕನ್ವೇಯರಿನ ಗೇರ್‌ಬಾಕ್ಸ್ ಬಿಸಿಯಾಗುತ್ತಿದೆ ಎಂದು ಫೋನ್ ಬಂತು. ಬೇರಿಂಗಿನ ಆಯಸ್ಸು ಲೆಕ್ಕ ಹಾಕುವ ಸೂತ್ರ ನನಗೆ ಬಾಯಿಪಾಠ. ನನ್ನ ಜೊತೆಗಿದ್ದ ಫಿಟ್ಟರ್ ಐಟಿಐ ಓದಿದವರು, ನಿವೃತ್ತಿಗೆ ಹತ್ತಿರವಾದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಹೌಸಿಂಗಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟರು. 'ಕೇಳು' ಎಂದು ನನಗೂ ಕೊಟ್ಟರು. ಒಂದು ಕಡೆ ಜೇನುಹುಳದ ಹಾಗೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಇನ್ನೊಂದು ಕಡೆ ಅಕ್ಕಿಯಲ್ಲಿ ಕಲ್ಲು ಕಡಿದ ಹಾಗೆ. ಬಿಚ್ಚುವ ಮುಂಚೆ ಕರೆಂಟ್ ತೆಗೆಸಿ, ಸ್ವಿಚ್ಚಿಗೆ ಬೀಗ ಹಾಕಿಸಿ, ಬೀಗದ ಕೈ ನನ್ನ ಜೇಬಿನಲ್ಲೇ ಇಟ್ಟರು. 'ಒಳಗೆ ಕೈ ಹಾಕುವವನ ಜೇಬಿನಲ್ಲೇ ಇದು ಇರಬೇಕು' ಎಂದರು. ಅವತ್ತು ನನ್ನ ಕೈ ನಡುಗುತ್ತಿತ್ತು. ನಾಲ್ಕು ವರ್ಷ ಓದಿದ್ದು ಯಾತಕ್ಕೆಂದು ತಿಳಿದದ್ದೂ ಅವತ್ತೇ. ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಊರಿಗೆ ಬಂದೆ, ಮತ್ತೆ ಹೋದೆ, ವರ್ಷ ಮುಗಿಸಿದೆ.

ಈಗ ದಾನಿಗಳಿಗೆ ನನ್ನ ಅರಿಕೆ. ಸೀಟಿಗೆ ನಮ್ಮ ಭಾಗದವರಿಗೆ 371(ಜೆ) ಇದೆ. ಫೀಸಿಗೆ ನೀವಿದ್ದೀರಿ. ಫ್ಯಾಕ್ಟರಿಯ ಗೇಟಿನ ಹತ್ತಿರ ಹುಡುಗ ಒಬ್ಬನೇ ಆಗುತ್ತಾನೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇವೆ, ನಿಜ. ಆದರೆ ಬೆಳಗಿನ ಶಿಫ್ಟಿಗೆ ಸಿರಿಗೇರಿಯಿಂದ ಬಳ್ಳಾರಿಗೆ ಒಂದು ಬಸ್, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹೋಗಿ ಮುಟ್ಟುವುದು ಆಗದ ಮಾತು. ಕೊನೆಯ ವರ್ಷದವರಿಗೆ ಫೀಸಿನ ಜೊತೆ ಇಂಟರ್ನ್‌ಶಿಪ್ ಖರ್ಚು ಎಂದು ಬೇರೆ ಒಂದು ಬಾಬತ್ತು ಇಡಿ. ಅರ್ಧ ಹಣ ಕಂಪನಿಯ ಪತ್ರ ತೋರಿಸಿದಾಗ ಕೊಡಿ, ಇನ್ನರ್ಧ ಕೆಲಸದ ಡೈರಿಗೆ ಅಲ್ಲಿನ ಮೇಲ್ವಿಚಾರಕರು ಸಹಿ ಹಾಕಿದ ಮೇಲೆ ಕೊಡಿ. ಡೈರಿಯಲ್ಲಿ ಊಟದ ಹೊತ್ತು ಬರೆದಿದೆಯೋ ಇಲ್ಲವೋ ನಾನೇ ನೋಡುತ್ತೇನೆ. ಝಕಾತ್ ಹಣವನ್ನು ಬಾಡಿಗೆಗೆ ಕೊಡಬಹುದೇ ಎಂದು ಒಬ್ಬ ಹಿರಿಯರು ಒಳಗೆ ಬರುವಾಗ ಕೇಳಿದರು. ಅದು ಉಲಮಾಗಳು ಹೇಳಬೇಕಾದ ಮಾತು. ಖರ್ಚು ಎಷ್ಟೆಂದು ಮಾತ್ರ ನಾನು ಹೇಳಬಲ್ಲೆ.

ಹೆಣ್ಣುಮಕ್ಕಳ ತಂದೆಯರಿಗೆ ಒಂದು ಮಾತು. ಸರ್ಕಾರಿ ಬಸ್ಸು 2023ರ ಜೂನಿನಿಂದ ಅವರಿಗೆ ಪುಕ್ಕಟೆ, ಪಾಸಿನ ತಾಪತ್ರಯವಿಲ್ಲ. ಉಳಿದ ಚಿಂತೆ ನಿಮ್ಮದು ಸಹಜ. ಮನೆಯಲ್ಲಿ ಕೂತು ಬೇಡ ಎನ್ನುವ ಮುಂಚೆ ಒಮ್ಮೆ ಜೊತೆಗೆ ಹೋಗಿ ಜಾಗ ನೋಡಿ ಬನ್ನಿ. ರಾತ್ರಿ ಶಿಫ್ಟ್ ಇದೆಯೇ, ಹಾಸ್ಟೆಲ್ ಎಲ್ಲಿ ಎಂದು ಕೇಳಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ, ಟ್ರೇನಿಗಳೂ ಅದರ ಅಡಿಯಲ್ಲಿ ಬರುತ್ತಾರೆ. ಆ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಲು ಸಂಕೋಚ ಬೇಡ. ಕೇಳಿದರೆ ಸೀಟು ಹೋಗುತ್ತದೆ ಎನ್ನುವ ಜಾಗಕ್ಕೆ ಮಗಳನ್ನು ಕಳಿಸಬೇಡಿ.

ಈ ಸಲ ಕೊನೆಯ ವರ್ಷಕ್ಕೆ ಬಂದವರು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿಗೆ ಬನ್ನಿ. ಬ್ರಾಂಚ್, ಕಾಲೇಜು, ಇಂಟರ್ನ್‌ಶಿಪ್ ಯಾವ ಸೆಮಿಸ್ಟರಿಗೆ ಬರುತ್ತದೆ ಎಂಬುದನ್ನು ಬರೆಸಿ. ಸರ್ಟಿಫಿಕೇಟ್ ಕೊಡಿಸುತ್ತೇವೆಂದು ಯಾರಾದರೂ ಫೋನ್ ಮಾಡಿದ್ದರೆ ಅದನ್ನೂ ಹೇಳಿ, ನಾನು ಬೈಯುವುದಿಲ್ಲ. ಅಸರ್ ನಮಾಜಿನವರೆಗೂ ಅಲ್ಲೇ ಕೂತಿರುತ್ತೇನೆ.