ಸಾಕಿದ ಕೈಯಲ್ಲೇ ಕೊಯ್ಯೋದು ಹೇಗೆ?

ಇವತ್ತಿನ ಮಾತಲ್ಲಿ ಕತ್ತಿ ಇದೆ, ರಕ್ತ ಇದೆ. ಊಟ ಮಾಡ್ತಾ ಕೇಳ್ತಿದ್ದರೆ ಪಾಸ್ ಒತ್ತಿ, ಆಮೇಲೆ ಬನ್ನಿ. ಮಾಂಸ ತಿನ್ನದವರು ಈ ಎಪಿಸೋಡ್ ಬಿಟ್ಟು ಮುಂದಕ್ಕೆ ಹೋದರೂ ನನಗೇನೂ ಬೇಜಾರಿಲ್ಲ.

ವಿಷಯ ಇಷ್ಟು. ಮರಿಯಿಂದ ಸಾಕಿದ ನಾಟಿ ಕೋಳಿಯನ್ನ ಮನೆಯಲ್ಲೇ ಸಾರಿಗೆ ಕೊಯ್ಯೋದು. ಆ ಕೆಲಸ ಮಾಡೋದು ಹೇಗೆ, ಮಾಡಿದ ಮೇಲೆ ಮನಸ್ಸನ್ನ ಏನು ಮಾಡೋದು?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಹೆಂಟೆ ಕಾವಿಗೆ ಕೂತರೆ 21 ದಿನಕ್ಕೆ ಮರಿ. ಹತ್ತು ಮರಿ ಎದ್ದರೆ ಹೆಚ್ಚುಕಡಿಮೆ ಅರ್ಧ ಹುಂಜ. ಆದರೆ ಎಂಟು ಹತ್ತು ಹೆಂಟೆಗೆ ಒಂದು ಹುಂಜ ಸಾಕು. ನಾಲ್ಕೈದು ಹುಂಜ ಒಟ್ಟಿಗೆ ಬೆಳೆದು ನಿಂತರೆ ಜುಟ್ಟು ಕುಕ್ಕಿ ರಕ್ತ ಬರಿಸ್ಕೊಳ್ತವೆ, ಹೆಂಟೆಗಳ ಬೆನ್ನಲ್ಲಿ ಪುಕ್ಕ ಉಳಿಯಲ್ಲ. ಅಂದರೆ, ಮರಿ ಮಾಡಿಸಿದ ದಿನವೇ ಈ ಪ್ರಶ್ನೆಯೂ ಗೂಡಿಗೆ ಬಂದಿರುತ್ತೆ. ನಾವು ಅದನ್ನ ಐದಾರು ತಿಂಗಳು ನೋಡದ ಹಾಗೆ ಇರ್ತೀವಿ, ಅಷ್ಟೇ.

ಹಿಂದೆ ಇದಕ್ಕೆಲ್ಲ ಜನ ಇದ್ದರು. ನಮ್ಮ ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು ಅಂದರೆ, ಮನೆಯಲ್ಲಿ ಒಬ್ಬರಾದರೂ ಕೋಳಿ ಕೊಯ್ಯೋರು ಇರ್ತಿದ್ದರು. ಎಷ್ಟೋ ಊರಲ್ಲಿ ಸಾಬರನ್ನ ಕರೆದು ಕೊಯ್ಸೋ ರೂಢಿಯೂ ಇತ್ತು. ಈಗ ನಮ್ಮ ಮನೆಯಲ್ಲಿ ಅಜ್ಜಿಗೆ ಕೈ ನಡುಗುತ್ತೆ, ಅಪ್ಪ ಅಂಗಡಿ ಚಿಕನ್ ಅಭ್ಯಾಸದವರು. ಕತ್ತಿ ಬಂದು ನಿಂತಿದ್ದು ನನ್ನ ಕೈಗೆ. ನಿಮ್ಮಲ್ಲೂ ಎಷ್ಟೋ ಮನೆಯಲ್ಲಿ ಹೀಗೇ ಆಗಿರಬಹುದು.

ಕೊಯ್ಯುವಾಗ ಸಂಕಟ ಆಗುತ್ತಾ? ಆಗುತ್ತೆ. ಮುಷ್ಟಿಯಲ್ಲಿ ನುಚ್ಚು ಹಿಡಿದರೆ ಓಡಿ ಬರ್ತಿದ್ದ ಹುಂಜ ಅದು. ನಮ್ಮ ಹೆಜ್ಜೆ ಸದ್ದಿಗೆ ಅದು ಹೆದರಲ್ಲ, ಬೆನ್ನಿಗೇ ಬೀಳುತ್ತೆ. ಸಂಕಟ ಆಗದೇ ಇರೋ ಹಾಗೆ ಮಾಡ್ಕೊಳ್ಳೋ ಉಪಾಯ ನನ್ನ ಹತ್ತಿರ ಇಲ್ಲ, ಅದು ಬೇಕು ಅಂತಲೂ ಅನ್ನಿಸಲ್ಲ. ನಾನು ಹೇಳೋದು ಒಂದೇ ಮಾತು: ನಮ್ಮ ಸಂಕಟದ ಭಾರ ಕೋಳಿ ಮೇಲೆ ಬೀಳಬಾರದು. ಕತ್ತಿ ಹಿಡಿದು ಅನುಮಾನಿಸಿದರೆ ಅರ್ಧ ಕೊಯ್ತೀವಿ. ಅದರಷ್ಟು ಕ್ರೂರ ಇನ್ನೊಂದಿಲ್ಲ. ಅಳೋದಿದ್ದರೆ ಹಿಂದಿನ ದಿನ ಅಳಿ, ಇಲ್ಲ ಆಮೇಲೆ ಅಳಿ. ನಡುವಿನ ಆ ಐದು ನಿಮಿಷ ಮಾತ್ರ ಕೋಳಿಗೆ ಸೇರಿದ್ದು.

ಆ ಐದು ನಿಮಿಷ ಸರಿ ಹೋಗಬೇಕಾದರೆ ಏನೇನು ಮಾಡಬೇಕು, ಒಂದೊಂದಾಗಿ ಹೇಳ್ತೀನಿ.

ಮೊದಲು, ಯಾವುದನ್ನ ಕೊಯ್ಯೋದು ಅನ್ನೋದು ಮುಂಚೆಯೇ ತೀರ್ಮಾನ ಆಗಿರಲಿ. ನಮ್ಮ ಮನೆಯಲ್ಲಿ ಎರಡು ತಿಂಗಳಿಗೇ ಸಾರಿನ ಕೋಳಿ ಕಾಲಿಗೆ ಕೆಂಪು ದಾರ ಕಟ್ಟಿ, ಬೆಳೆದ ಹಾಗೆ ಸಡಿಲ ಮಾಡ್ತೀವಿ. ದಾರ ಇರೋದಕ್ಕೆ ಹೆಸರಿಲ್ಲ. ಹೆಸರಿಟ್ಟಿದ್ದನ್ನ ಕೊಯ್ಯಲ್ಲ. ಜೊಲ್ಲು ಸುರಿಸ್ತಾ ತೂಕಡಿಸೋ ಕೋಳಿ, ತಾನಾಗಿ ಸತ್ತ ಕೋಳಿ ಅಡುಗೆಗೆ ಬೇಡವೇ ಬೇಡ. ಒಟ್ಟೊಟ್ಟಿಗೆ ಸಾಯ್ತಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ತಿನ್ನಬೇಕು ಅಂತ ಡಾಕ್ಟರನ್ನೇ ಕೇಳಿ.

ಹಿಂದಿನ ರಾತ್ರಿ ಆ ಕೋಳಿಯನ್ನ ಬೇರೆ ಮಂಕರಿ ಕೆಳಗೆ ಹಾಕಿ. ಎಂಟರಿಂದ ಹನ್ನೆರಡು ಗಂಟೆ ಮೇವು ಬೇಡ, ನೀರು ಮಾತ್ರ ಇರಲಿ. ಹೊಟ್ಟೆ ಖಾಲಿ ಇದ್ದರೆ ಕರುಳು ತೆಗೆಯುವಾಗ ಗಲೀಜಾಗಲ್ಲ. ಕತ್ತಲಲ್ಲಿ ಕೋಳಿ ತಣ್ಣಗೆ ಕೂತಿರುತ್ತೆ, ಹಿಡಿಯೋದು ಸುಲಭ. ಬೆಳಿಗ್ಗೆ ಅಂಗಳದ ತುಂಬ ಅಟ್ಟಾಡಿಸಿ ಹಿಡಿದರೆ ಅದಕ್ಕೂ ಗಾಬರಿ, ನಿಮ್ಮ ಕೈಗೂ ನಡುಕ. ಉಳಿದ ಕೋಳಿಗಳ ಎದುರಿಗೆ ಕೊಯ್ಯಬೇಡಿ.

ಕತ್ತಿ ಹರಿತ ಇರಬೇಕು. ಪೇಪರ್ ಕೊಯ್ದು ನೋಡಿ. ಗೀಚಿಕೊಂಡು ಹೋದರೆ ಮತ್ತೆ ಮಸೆಯಿರಿ. ಒಬ್ಬರೇ ಇದ್ದರೆ ದಪ್ಪ ಪ್ಲಾಸ್ಟಿಕ್ ಕ್ಯಾನಿನ ತಳ ಕತ್ತರಿಸಿ, ಬಾಯಿ ಕೆಳಗೆ ಮಾಡಿ ಗೋಡೆಗೆ ಗಟ್ಟಿಯಾಗಿ ಕಟ್ಟಿ. ತಲೆ ಹೊರಗೆ ಬರೋ ಹಾಗೆ ಬಾಯಿ ಸ್ವಲ್ಪ ಅಗಲ ಮಾಡಿ. ಕೋಳಿಯನ್ನ ತಲೆಕೆಳಗಾಗಿ ಅದರೊಳಗೆ ಇಳಿಸಿದರೆ ರೆಕ್ಕೆ ಒತ್ತಿಕೊಂಡು ಸುಮ್ಮನಾಗುತ್ತೆ. ದವಡೆಯ ಕೆಳಗೆ, ಕತ್ತಿನ ಎರಡೂ ಕಡೆಯ ರಕ್ತನಾಳ ಒಂದೇ ಏಟಿಗೆ ಕೊಯ್ಯಬೇಕು. ಗರಗಸದ ಹಾಗೆ ಉಜ್ಜೋದಲ್ಲ, ಒತ್ತಿ ಎಳೆಯೋದು.

ಮೊದಲ ಸಲ ಮಾಡೋರು ಹೆದರೋದು ಇದಾದ ಮೇಲೆ. ಕೋಳಿ ಜೋರಾಗಿ ಒದರುತ್ತೆ, ರೆಕ್ಕೆ ಬಡಿಯುತ್ತೆ. ಸರಿಯಾಗಿ ಕೊಯ್ದಿದ್ದರೆ ಕೆಲವೇ ಕ್ಷಣದಲ್ಲಿ ಪ್ರಜ್ಞೆ ಹೋಗಿರುತ್ತೆ. ಆಮೇಲೆ ಆ ಬಡಿತ ನರಗಳದ್ದು. ಇದು ಮೊದಲೇ ಗೊತ್ತಿದ್ದರೆ ಕೈ ಬಿಡಲ್ಲ ನೀವು. ಎರಡು ನಿಮಿಷ ರಕ್ತ ಇಳಿಯಲಿ. ಉಸಿರಿಲ್ಲ, ಕಣ್ಣು ಮುಟ್ಟಿದರೆ ರೆಪ್ಪೆ ಆಡಲ್ಲ ಅಂತ ನೋಡಿಕೊಂಡೇ ಬಿಸಿನೀರಿಗೆ ಹಾಕಿ.

ನೀರು ಕುದಿಯಬಾರದು. 60ರಿಂದ 65 ಡಿಗ್ರಿ, ಸುಮಾರು ಒಂದು ನಿಮಿಷ. ರೆಕ್ಕೆಯ ದೊಡ್ಡ ಪುಕ್ಕ ಎಳೆದರೆ ಸಲೀಸಾಗಿ ಬರಬೇಕು. ಕುದಿಯೋ ನೀರಾದರೆ ಚರ್ಮ ಕಿತ್ತು ಬರುತ್ತೆ. ಆಮೇಲೆ ಬೆಂಕಿಗೆ ಹಿಡಿದು ಸಣ್ಣ ರೋಮ ಸುಟ್ಟು, ಅರಿಶಿನ ಹಚ್ಚೋದು ನಿಮಗೆ ಗೊತ್ತೇ ಇದೆ. ಒಳಗಿನದು ತೆಗೆಯುವಾಗ ಈಲಿಗೆ ಅಂಟಿಕೊಂಡ ಹಸಿರು ಪಿತ್ತದ ಚೀಲ ಒಡೆಯದ ಹಾಗೆ ನೋಡ್ಕೊಳ್ಳಿ. ಒಡೆದರೆ ಕಹಿ. ಕೈ, ಕತ್ತಿ, ಹಲಗೆ ಸೋಪು ಹಾಕಿ ತೊಳೆದೇ ಬೇರೆ ಕೆಲಸ ಮುಟ್ಟಿ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇರಬಹುದು.

ಈಗ ಮನಸ್ಸಿನ ಮಾತು.

ಕೊಯ್ದ ದಿನ ತುತ್ತು ಇಳಿಯದೇ ಹೋಗಬಹುದು. ಬಲವಂತ ಬೇಡ, ಫ್ರಿಜ್‌ನಲ್ಲಿಡಿ. ಸತ್ತ ಮೇಲೆ ಸ್ವಲ್ಪ ಹೊತ್ತಿಗೆ ಮಾಂಸ ಬಿಗಿಯಾಗುತ್ತೆ, ಒಂದು ರಾತ್ರಿ ಕಳೆದರೆ ಮತ್ತೆ ಸಡಿಲ ಆಗುತ್ತೆ. ಆರು ತಿಂಗಳ ನಾಟಿ ಹುಂಜಕ್ಕೆ ಅದು ಒಳ್ಳೇದೇ. ಆ ಒಂದು ರಾತ್ರಿ ನಿಮಗೂ ಬೇಕಾಗಿರುತ್ತೆ. ಮಾರನೇ ದಿನ ಅದು ಸಾರು, ಪಕ್ಕದಲ್ಲಿ ಮುದ್ದೆ.

ಮಕ್ಕಳಿದ್ದರೆ ಸುಳ್ಳು ಹೇಳಬೇಡಿ. "ಕೋಳಿ ಓಡಿಹೋಯ್ತು" ಅಂದರೆ ಮಗು ಸಂಜೆವರೆಗೂ ಬೇಲಿ ಸಾಲಲ್ಲಿ ಹುಡುಕ್ತಾ ಇರುತ್ತೆ. ಅಣ್ಣನ ಮಗಳಿಗೆ ಆರು ವರ್ಷ. "ಅತ್ತೆ, ಅದಕ್ಕೆ ನೋವಾಗುತ್ತಾ?" ಅಂತ ಕೇಳಿದಳು. "ಆಗುತ್ತೆ ಪುಟ್ಟಿ. ಬೇಗ ಮುಗಿಯೋ ಹಾಗೆ ಮಾಡ್ತೀನಿ" ಅಂದೆ. ಅವಳು ಅವತ್ತು ಸಾರು ಮುಟ್ಟಲಿಲ್ಲ, ಮೊಸರನ್ನ ತಿಂದಳು. ಯಾರೂ ಛೇಡಿಸಲಿಲ್ಲ. ನೋಡು ಅಂತ, ತಿನ್ನು ಅಂತ ಮಕ್ಕಳನ್ನ ಒತ್ತಾಯ ಮಾಡೋದು ಬೇಡ.

ಕೊಯ್ಯೋ ಮೊದಲು ಒಂದು ಗಳಿಗೆ ನಿಲ್ಲೋದು ಎಲ್ಲರಲ್ಲೂ ಇದೆ. ಹಲಾಲ್ ಮಾಡೋರು ದೇವರ ಹೆಸರು ಹೇಳ್ತಾರೆ. ನಮ್ಮಜ್ಜಿ ಕೋಳಿ ಬಾಯಿಗೆ ಎರಡು ಹನಿ ನೀರು ಬಿಡ್ತಿದ್ದರು. ನಾನೂ ಅದನ್ನೇ ಮಾಡ್ತೀನಿ. ಆ ಗಳಿಗೆಯಲ್ಲಿ ಕೈ ಇನ್ನೂ ನಡುಗ್ತಿದೆ ಅಂದರೆ ಕತ್ತಿ ಕೆಳಗಿಡಿ, ಅವತ್ತು ಬೇಡ. ಅಜ್ಜಿ ಹೇಳೋದೂ ಇದನ್ನೇ: "ಕೈ ನಡುಗೋ ದಿನ ಬದನೆಕಾಯಿ ಸಾರು ಮಾಡವ್ವ."

ಮೊದಲ ಸಲ ಒಬ್ಬರೇ ಮಾಡಬೇಡಿ. ಮೊಬೈಲಲ್ಲಿ ಹತ್ತು ವಿಡಿಯೊ ನೋಡೋದಕ್ಕಿಂತ ಗೊತ್ತಿರೋರ ಪಕ್ಕ ನಿಂತು ಎರಡು ಸಲ ಹಿಡ್ಕೊಡಿ. ಆಮೇಲೂ "ನನ್ನ ಕೈಲಾಗಲ್ಲ" ಅನ್ನಿಸಿದರೆ ಅದೂ ಒಂದು ಉತ್ತರವೇ. ಗೊತ್ತಿರೋರಿಗೆ ಕೊಡಿ, ಕೂಲಿ ಕೊಡಿ. ಇಲ್ಲ, ಮೊಟ್ಟೆಗೆ ಮಾತ್ರ ಸಾಕಿ, ಮರಿ ಮಾಡಿಸಬೇಡಿ. ಇದರಲ್ಲಿ ಸೋಲು ಗೆಲುವು ಏನೂ ಇಲ್ಲ.

ಅಂಗಡಿಯಲ್ಲಿ ಕೊಳ್ಳೋ ಬ್ರಾಯ್ಲರ್ ಸುಮಾರು ಆರು ವಾರದ್ದು. ಅದನ್ನೂ ಯಾರೋ ಒಬ್ಬರು ಕೊಯ್ದಿರ್ತಾರೆ. ನಾನು ಅಂಗಡಿ ಚಿಕನ್ ಬಿಟ್ಟಿಲ್ಲ. ಆದರೆ ಈಗ ತಟ್ಟೆಯಲ್ಲಿ ತುಂಡು ಬಿಟ್ಟು ಏಳೋಕೆ ಮನಸ್ಸು ಬರಲ್ಲ.

ನಿಮ್ಮ ಮನೆಯಲ್ಲಿ ಈ ಕೆಲಸ ಯಾರದ್ದು? ಅವರನ್ನ ಒಂದು ಸಲ ಕೇಳಿ ನೋಡಿ, ಅವರಿಗೆ ಹೇಗನ್ನಿಸುತ್ತೆ ಅಂತ. ಹೇಳಿದ್ದನ್ನ ನನಗೆ ವಾಯ್ಸ್ ಮೆಸೇಜ್ ಮಾಡಿ. ಮುಂದಿನ ವಾರ ಸಿಗೋಣ.