ಎಳೆಯ ಮಕ್ಕಳೂ ಗಣಿತಾಧಿಕಾರವೂ
(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಯಾರಿಗೆ ಮೇಲ್ತರದ ಗಣಿತವನ್ನು ಬೋಧಿಸಬೇಕು, ಅಂಥವರನ್ನು ಯಾವ ಬಗೆಯಿಂದ ಆರಿಸಬೇಕು ಎಂಬ ವಿಷಯವಾಗಿ ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ವ್ಯಾಕರಣವನ್ನೋದಿದವನಿಗೆ ಗಣಿತದ ಗೊಡವೆಯೇಕೆಂದು ಕೆಲವರಿಗೆ ತೋರಬಹುದು. ಆದರೆ ಗಣಿತವು ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದು, ಈ ಶಾಸ್ತ್ರವನ್ನು ದೇಶಭಾಷೆಯಲ್ಲಿ ಕಲಿಯಬಹುದೆಂಬುದನ್ನು ತೋರಿಸಿಕೊಟ್ಟನು.

ನಮ್ಮ ಪಾಠಶಾಲೆಗಳಲ್ಲಿ ‘ಅಧಿಕಾರ’ವೆಂಬ ಮಾತುಂಟು. ಶಬ್ದರೂಪಗಳು ಬಾಯಿಗೆ ಬಂದವನು ಕೌಮುದಿಗೆ ಅಧಿಕಾರಿ. ಅವನ ವಯಸ್ಸೆಷ್ಟೆಂದು ಗುರುವು ಕೇಳುವುದಿಲ್ಲ; ಒಂದೇ ದಿನ ಪರೀಕ್ಷಿಸಿ ಅವನನ್ನು ಜನ್ಮಪರ್ಯಂತ ಹೊರಗೆ ನಿಲ್ಲಿಸುವುದೂ ಇಲ್ಲ. ಇಂದು ಬಾರದುದು ಆರು ತಿಂಗಳ ಬಳಿಕ ಬರಬಹುದು. ಅಧಿಕಾರವು ಹುಟ್ಟಿನಿಂದ ಅಂಟಿಬಂದುದಲ್ಲ, ಅಭ್ಯಾಸದಿಂದ ಗಳಿಸತಕ್ಕುದು.

ಈ ತತ್ತ್ವಕ್ಕೆ ಸಮೀಪವಾದ ಒಂದು ಪ್ರಯೋಗವು ನಮ್ಮ ಮೈಸೂರು ಜಿಲ್ಲೆಯಲ್ಲಿಯೇ ನಡೆಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ಕಂಡುಬಂದ ಉಪಾಧ್ಯಾಯರು ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಿಸಿತು. ಇದರಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಒಂದೊಂದು ಮೆಟ್ಟಿಲಿಗೂ ಕಾರ್ಡುಗಳನ್ನು ಮಾಡಿದರು. ಬೇಗ ಕಲಿತ ಮಗುವು ಮುಂದಕ್ಕೇರುವುದು. ನಿಧಾನವಾದ ಮಗುವು ತನ್ನ ಮೆಟ್ಟಿಲಿನಲ್ಲಿಯೇ ನಿಂತು ಅಭ್ಯಾಸಮಾಡಿ ಆಮೇಲೆ ಏರುವುದು. ಇಬ್ಬರೂ ಒಂದೇ ಕೊಠಡಿಯಲ್ಲಿ ಕುಳಿತಿರುವರು. ಉಪಾಧ್ಯಾಯರ ಗಮನವು ಸಡಿಲಿದರೆ ಈ ಪದ್ಧತಿಯೂ ಬರಿಯ ಕಾರ್ಡು ತಿರುವುವ ಕೆಲಸವಾದೀತೆಂಬುದು ನಿಜ. ಆದರೆ ತತ್ತ್ವವು ನಿರ್ದುಷ್ಟವಾದುದು.

ಆದರೆ ಆ ಏಣಿಯನ್ನು ಕಟ್ಟಿದುದು ಮೊದಲ ಮೂರು ತರಗತಿಗಳಿಗೆ ಮಾತ್ರ. ನಾಲ್ಕನೆಯ ತರಗತಿಯಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ. ಐದನೆಯ ತರಗತಿಯಲ್ಲಿರುವಾಗ ನವೋದಯ ವಿದ್ಯಾಲಯದ ಪ್ರವೇಶಪರೀಕ್ಷೆಯು ಎದುರಾಗುವುದು. ಎರಡು ಗಂಟೆಗಳ ಕಾಲ, 80 ಪ್ರಶ್ನೆಗಳು. ಅವುಗಳಲ್ಲಿ ಅಂಕಗಣಿತದವು 20. ಸ್ಥಳಗಳು ಕೆಲವೇ ಆಗಿರುವಲ್ಲಿ ಪರೀಕ್ಷೆಯು ಅನಿವಾರ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ತೇರ್ಗಡೆಯಾಗದ ಹತ್ತು ವರುಷದ ಮಗುವನ್ನು ‘ಗಣಿತಕ್ಕೆ ಒಲ್ಲದ ತಲೆ’ಯೆಂದು ಮನೆಯವರೇ ನಿರ್ಣಯಿಸಿಬಿಡುವುದು ದೊಡ್ಡ ಅನ್ಯಾಯ. ಎಷ್ಟೋ ವೇಳೆ ಆ ಮಗುವಿಗೆ ತೊಡಕಾದುದು ಲೆಕ್ಕವಲ್ಲ, ಲೆಕ್ಕವನ್ನು ಹೇಳಿದ ವಾಕ್ಯ.

ಹಾಗಾದರೆ ಅಧಿಕಾರವನ್ನು ಅರಿಯುವ ಬಗೆ ಹೇಗೆ? ನಮ್ಮ ಊರು ಹೆಸರಿನಲ್ಲಿಯೇ ಕುಂಬಾರರ ಕೊಪ್ಪಲು. ಗಡಿಗೆಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಡಿಯ ಸಾಲಿನಲ್ಲಿ 10, ಅದರ ಮೇಲೆ 9, ಹೀಗೆ ತುದಿಯಲ್ಲಿ 1 ಗಡಿಗೆಯನ್ನು ಪೇರಿಸಿದೆ, ಒಟ್ಟು ಎಷ್ಟು? ಒಬ್ಬ ಹುಡುಗನು ಸರಸರನೆ ಕೂಡಿ 55 ಎಂದನು. ಒಬ್ಬಳು ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ‘ಇಂಥದೇ ಇನ್ನೊಂದು ರಾಶಿಯನ್ನು ತಲೆಕೆಳಗಾಗಿ ಪಕ್ಕದಲ್ಲಿಟ್ಟರೆ ಪ್ರತಿ ಸಾಲಿನಲ್ಲಿಯೂ 11, ಹತ್ತು ಸಾಲಿಗೆ 110, ಅದರಲ್ಲಿ ಅರ್ಧ’ ಎಂದಳೆನ್ನಿ. ವೇಗವನ್ನಳೆಯುವ ಪರೀಕ್ಷೆಯು ಮೊದಲನೆಯವನನ್ನು ಆರಿಸೀತು. 20 ಸಾಲಾದರೆ ಎಷ್ಟೆಂದು ಕೇಳಿರಿ. ಹುಡುಗನು ಮತ್ತೆ ಮೊದಲಿನಿಂದ ಕೂಡುತ್ತಿರುವಾಗಲೇ ಹುಡುಗಿಯು 210 ಎಂದಾಳು. ಇದನ್ನು ಬಾಯಿಮಾತಿನಲ್ಲಿ, ಮನೆಯ ನುಡಿಯಲ್ಲಿ, ಅವಸರಪಡಿಸದೆ ಕೇಳಿದ ಗುರುವಿಗೆ ಮಾತ್ರ ಅವಳ ಅಧಿಕಾರವು ಗೋಚರವಾಗುವುದು. ಆ ಉಪಾಯವನ್ನು ಕೇಳಿದ ಹುಡುಗನೂ ಮರುದಿನ ಅದನ್ನು ಬಳಸಿಯಾನು. ಆದುದರಿಂದ ಒಳ್ಳೆಯ ಪ್ರಶ್ನೆಯನ್ನು ಮೊದಲು ಎಲ್ಲ ಮಕ್ಕಳ ಮುಂದೆಯೂ ಇಡತಕ್ಕದ್ದು; ಆರಿಸುವುದು ಆಮೇಲಿನ ಮಾತು. ಆರಿಸಿದ ಮೇಲೆಯೂ ಮುಂದಿನ ವರ್ಷದ ಪುಸ್ತಕವನ್ನು ಮೊದಲೇ ಓದಿಸುವುದರಿಂದ ಪ್ರಯೋಜನವು ಅಲ್ಪ. ಕಲಿತುದನ್ನೇ ಆಳಕ್ಕಿಳಿದು ನೋಡಿಸಬೇಕು. ಬಾಗಿಲನ್ನು ಮಾತ್ರ ವರ್ಷಕ್ಕೆ ಎರಡು ಬಾರಿಯಾದರೂ ಮತ್ತೆ ತೆರೆಯಬೇಕು.

ಕುಂಬಾರನು ಹಸಿಯ ಗಡಿಗೆಯನ್ನು ತಟ್ಟುವುದು ರೂಪಕ್ಕಾಗಿ. ಸುಟ್ಟ ಗಡಿಗೆಯನ್ನು ತಟ್ಟುವುದು ಪರೀಕ್ಷೆಗಾಗಿ. ಆರೇಳು ವರುಷದ ಮಗು ಹಸಿಯ ಮಣ್ಣು. ಅದರ ನಾದವನ್ನು ಈಗಲೇ ಕೇಳಹೊರಡುವುದು ಅವಿವೇಕ.

ನಾಲ್ಕು ಮತ್ತು ಐದನೆಯ ತರಗತಿಗಳ ಮಕ್ಕಳಿಗಾಗಿ ಮಠದ ಜಗಲಿಯಲ್ಲಿ ವಾರಕ್ಕೊಂದು ಸಂಜೆ ಗಣಿತಗೋಷ್ಠಿಯನ್ನು ನಡೆಸಬೇಕೆಂದೂ, ಅದಕ್ಕೆ ಪ್ರವೇಶಪರೀಕ್ಷೆಯಿರಕೂಡದೆಂದೂ ಶ್ರೀಗಳವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಬಲ್ಲ ಭಕ್ತರು ಒಂದೊಂದು ಸಂಜೆಯನ್ನು ದಾಸೋಹವೆಂದು ತಿಳಿದು ಸಲ್ಲಿಸಲಿ. ತಾಯಂದಿರಲ್ಲಿ ಬೇಡುವುದಿಷ್ಟೆ: ‘ಎಷ್ಟು ಅಂಕ ಬಂತು’ ಎಂದು ಕೇಳುವ ಮೊದಲು ‘ಹೇಗೆ ಮಾಡಿದೆ ಮಗು’ ಎಂದು ಕೇಳಿರಿ.