ಮುಗ್ಗಿದ ಕಾಳು, ಕಾಣದ ನಂಜು



2004ರ ಮೊದಲ ಆರೇಳು ತಿಂಗಳು. ಪೂರ್ವ ಕೀನ್ಯಾದ ಮಕ್ವೇನಿ, ಕಿಟೂಯಿ ಸೀಮೆಯ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಹಿಡಿಯತೊಡಗಿತು. 317 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 125 ಮಂದಿ ಉಳಿಯಲಿಲ್ಲ. ಯಕೃತ್ತಿಗೆ ತಗಲುವ ವೈರಸ್ ಇರಬೇಕೆಂದು ರಕ್ತ ಪರೀಕ್ಷೆ ಮಾಡಿದರೆ ವೈರಸ್ ಸಿಗಲಿಲ್ಲ. ಕಾರಣ ಸಿಕ್ಕಿದ್ದು ಮನೆಯೊಳಗೆ ಒಟ್ಟಿಟ್ಟಿದ್ದ ಮೆಕ್ಕೆಜೋಳದಲ್ಲಿ. ಬರದಿಂದ ಬೆಳೆಯೇ ಕಡಿಮೆ. ಅದರ ಮೇಲೆ ಅಕಾಲದ ಮಳೆ. ಹೊರಗೆ ಬಿಟ್ಟರೆ ಕಳ್ಳರ ಭಯ. ಹಾಗಾಗಿ ಹಸಿ ತೆನೆಯನ್ನೇ ಮನೆಯೊಳಗೆ ತುಂಬಿಕೊಂಡರು. ಆ ಹಸಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆಯಿತು, ಬೂಷ್ಟು ಅಫ್ಲಾಟಾಕ್ಸಿನ್ ಎಂಬ ನಂಜನ್ನು ಕಾಳಿನೊಳಗೆ ಬಿಟ್ಟಿತು. ಆ ಭಾಗದ ಅಂಗಡಿಗಳಿಂದ ತಂದ ಮೆಕ್ಕೆಜೋಳದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಲ್ಲಿನ ಕಾನೂನಿನ ಮಿತಿಯನ್ನು ದಾಟಿದ್ದವು. ನೂರರಲ್ಲಿ ಏಳು ಮಾದರಿಗಳಲ್ಲಂತೂ ನಂಜು ಮಿತಿಯ ಐವತ್ತು ಪಟ್ಟಿಗಿಂತಲೂ ಹೆಚ್ಚಿತ್ತು.

ಇದಕ್ಕೆ ಮೂವತ್ತು ವರ್ಷ ಮೊದಲು, 1974ರ ಕೊನೆಯಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಇದೇ ಆಗಿತ್ತು. ಅಲ್ಲಿಯೂ ಮೆಕ್ಕೆಜೋಳ, ಅಲ್ಲಿಯೂ ಕೊಯ್ಲಿನ ಹೊತ್ತಿನ ಮಳೆ. ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ರೊಟ್ಟಿ ತಿಂದ ಊರ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ನೋಡಿ, ಕಾರಣ ಅಫ್ಲಾಟಾಕ್ಸಿನ್ ಎಂದರು. ಒಂದು ಖಂಡದಲ್ಲಿ ಕಲಿತ ಪಾಠ ಇನ್ನೊಂದು ಖಂಡದ ಜೋಳದ ರಾಶಿಗೆ ತಲುಪಲು ಮೂವತ್ತು ವರ್ಷವೂ ಸಾಲಲಿಲ್ಲ.

ಕೊಯ್ಲಾದ ಮೇಲೆ ಅಂಗಡಿ ಮುಟ್ಟುವುದರೊಳಗೆ ಜಗತ್ತಿನ ಆಹಾರದ ಸುಮಾರು ನೂರಕ್ಕೆ 14 ಪಾಲು ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಲೆಕ್ಕ ಕೊಟ್ಟಿತು. ಕೊಳೆತ ಟೊಮೆಟೊ, ಇಲಿ ತಿಂದ ಭತ್ತ, ಹುಳ ಬಿದ್ದ ಅಲಸಂದೆ ಈ ಲೆಕ್ಕಕ್ಕೆ ಬರುತ್ತವೆ. ಕೀನ್ಯಾದ ಆ ಜೋಳ ಬರುವುದಿಲ್ಲ. ಯಾಕೆಂದರೆ ಅದನ್ನು ಯಾರೂ ಚೆಲ್ಲಲಿಲ್ಲ. ಬೀಸಿ, ಬೇಯಿಸಿ, ಮಕ್ಕಳಿಗೆ ಬಡಿಸಿದರು. ಕೊಯ್ಲೋತ್ತರ ನಷ್ಟದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಲೆಕ್ಕಕ್ಕೇ ಸಿಗದ ಈ ಪಾಲು.

ಈ ನಂಜಿಗೆ ಬಣ್ಣವಿಲ್ಲ, ರುಚಿಯಿಲ್ಲ. ಬೂಷ್ಟು ಕಂಡ ಕಡೆ ನಂಜು ಇರಲೇಬೇಕೆಂದಿಲ್ಲ, ಕಾಣದ ಕಡೆ ಇಲ್ಲವೆಂದೂ ಹೇಳಲಾಗದು. ಹಂಚಿನ ಮೇಲೆ ರೊಟ್ಟಿ ಸುಟ್ಟರೂ, ಮುದ್ದೆ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ನಮ್ಮಲ್ಲಿ ಧಾನ್ಯಕ್ಕೆ ಇಟ್ಟಿರುವ ಮಿತಿ ನೂರು ಕೋಟಿ ಭಾಗಕ್ಕೆ 15 ಭಾಗ. ಅಂದರೆ ಹತ್ತು ಹತ್ತು ಟನ್ನಿನ ಹತ್ತು ಲಾರಿ ಜೋಳದಲ್ಲಿ ಒಂದೂವರೆ ಗ್ರಾಂ! ಇಷ್ಟು ಸಣ್ಣದನ್ನು ಹುಡುಕಲು ದೊಡ್ಡ ಪ್ರಯೋಗಾಲಯ ಬೇಕು, ತರಬೇತಾದ ಜನ ಬೇಕು, ದುಡ್ಡು ಬೇಕು. ವರದಿ ಬರುವಷ್ಟರಲ್ಲಿ ಜೋಳ ಮಾರಾಟವಾಗಿ, ಹಿಟ್ಟಾಗಿ, ಕರಗಿಯೂ ಹೋಗಿರುತ್ತದೆ.

ಬಯೋಸೆನ್ಸರ್ ಬರುವುದು ಇಲ್ಲಿ. ಜೀವಿಗಳ ದೇಹದಲ್ಲಿ ಒಂದು ಅಣು ಇನ್ನೊಂದನ್ನು ಗುರುತು ಹಿಡಿದು ಅಂಟಿಕೊಳ್ಳುವ ಗುಣವಿದೆಯಲ್ಲ, ಅದನ್ನು ಉಪಕರಣಕ್ಕೆ ಜೋಡಿಸಿದರೆ ಬಯೋಸೆನ್ಸರ್ ಆಗುತ್ತದೆ. ಅಮೆರಿಕದ ಲೆಲಂಡ್ ಕ್ಲಾರ್ಕ್ 1962ರಲ್ಲಿ ಒಂದು ಕಿಣ್ವವನ್ನು ಎಲೆಕ್ಟ್ರೋಡಿಗೆ ಹಚ್ಚಿ ಗ್ಲೂಕೋಸ್ ಅಳೆಯುವ ದಾರಿ ತೋರಿಸಿದರು. ಇವತ್ತು ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡಿಕೊಳ್ಳುವ ಯಂತ್ರ ಅದರ ಮೊಮ್ಮಗು. ಅಫ್ಲಾಟಾಕ್ಸಿನ್‌ಗೆ ಈಗ ಹೆಚ್ಚು ಬಳಕೆಯಲ್ಲಿರುವುದು ಕಾಗದದ ಪಟ್ಟಿ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡವರು ಇಂಥದ್ದನ್ನು ಕೈಯಲ್ಲಿ ಹಿಡಿದಿದ್ದೀರಿ. ಕಾಳನ್ನು ಪುಡಿ ಮಾಡಿ, ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ ಕಲಕಿ, ತಿಳಿಯನ್ನು ತೆಳುವಾಗಿಸಿ ಪಟ್ಟಿಗೆ ಹಾಕುತ್ತಾರೆ. ಪಟ್ಟಿಯಲ್ಲಿ ಅಫ್ಲಾಟಾಕ್ಸಿನ್ನನ್ನು ಗುರುತು ಹಿಡಿಯುವ ಪ್ರತಿಕಾಯಗಳಿರುತ್ತವೆ. ಅವಕ್ಕೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿರುತ್ತಾರೆ. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ಪಟ್ಟಿಯ ಮೇಲೆ ಮೂಡುವ ಗೆರೆ ಆ ಚಿನ್ನದ್ದೇ.

ಇಲ್ಲೊಂದು ವಿಷಯ ನೆನಪಿಡಬೇಕು. ಕೋವಿಡ್ ಪಟ್ಟಿಯಲ್ಲಿ ಎರಡನೇ ಗೆರೆ ಬಂದರೆ ಕಾಯಿಲೆ ಇದೆ ಎಂದರ್ಥ. ಇಲ್ಲಿ ಉಲ್ಟಾ. ಅಫ್ಲಾಟಾಕ್ಸಿನ್ ಅಣು ಬಹಳ ಚಿಕ್ಕದು. ಎರಡು ಪ್ರತಿಕಾಯಗಳು ಒಟ್ಟಿಗೆ ಹಿಡಿಯಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಗೆರೆಯಿರುವ ಜಾಗದಲ್ಲಿ ಮೊದಲೇ ಒಂದಿಷ್ಟು ನಂಜನ್ನು ಹಚ್ಚಿರುತ್ತಾರೆ. ಕಾಳಿನಲ್ಲಿ ನಂಜಿದ್ದರೆ ಪ್ರತಿಕಾಯಗಳು ಅದಕ್ಕೇ ಅಂಟಿಕೊಂಡು ಗೆರೆಗೆ ಉಳಿಯುವುದಿಲ್ಲ, ಗೆರೆ ಮಾಸುತ್ತದೆ. ಗೆರೆ ಗಾಢವಾಗಿದ್ದರೆ ಒಳ್ಳೆಯದು, ಮಾಯವಾದರೆ ಅಪಾಯ. ತಿಳಿಯದವರ ಕೈಗೆ ಕೊಟ್ಟರೆ ಒಳ್ಳೆಯ ಜೋಳ ತಿಪ್ಪೆಗೆ ಹೋಗಿ ಕೆಟ್ಟದ್ದು ಬೀಸುಕಲ್ಲಿಗೆ ಹೋದೀತು. ಕಣ್ಣಂದಾಜಿನ ಬದಲು ಮೊಬೈಲಿನ ಕ್ಯಾಮೆರಾದಿಂದ ಗೆರೆಯ ಬಣ್ಣ ಅಳೆಯುವ ವ್ಯವಸ್ಥೆಯೂ ಬಂದಿದೆ.

ಪ್ರತಿಕಾಯಗಳು ಪ್ರೋಟೀನುಗಳು, ಬಿಸಿಲಿಗೆ ಕೆಡುತ್ತವೆ. ಕಿಟೂಯಿಯ ಅಥವಾ ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಅದಕ್ಕೇ ಆಪ್ಟಮರ್ ಎಂಬ ಡಿಎನ್‌ಎ ಎಳೆಗಳತ್ತ ವಿಜ್ಞಾನಿಗಳ ಗಮನ ಹೋಗಿದೆ. ಇಂಥ ಎಳೆಗಳನ್ನು ಆರಿಸುವ ವಿಧಾನವನ್ನು 1990ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ಕೋಟಿಗಟ್ಟಲೆ ಎಳೆಗಳ ನಡುವೆ ಬೇಕಾದ ಅಣುವಿಗೆ ಅಂಟುವುದನ್ನು ಮಾತ್ರ ಸೋಸಿ ಸೋಸಿ ಆರಿಸುತ್ತಾರೆ. ಇವನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದು, ಶಾಖವನ್ನೂ ಹೆಚ್ಚು ತಾಳುತ್ತವೆ. ಅಫ್ಲಾಟಾಕ್ಸಿನ್‌ಗೆ ಅಂಟುವ ಆಪ್ಟಮರುಗಳೂ ಸಿದ್ಧವಾಗಿವೆ. ಆದರೆ ಸಂಶೋಧನಾ ಲೇಖನಗಳಲ್ಲಿ ಕಾಣುವಷ್ಟು ಅವು ಮಂಡಿಗಳಲ್ಲಿ ಕಾಣುವುದಿಲ್ಲ.

ಸೆನ್ಸರ್ ಎಷ್ಟೇ ಚುರುಕಾಗಿರಲಿ, ಅದು ನೋಡುವುದು ನಾವು ಹಾಕಿದ ಚಿಟಿಕೆ ಪುಡಿಯನ್ನು ಮಾತ್ರ. ನಂಜು ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಗುಡ್ಡೆಬಿದ್ದಿರುತ್ತದೆ. ಶೇಂಗಾದ ಒಂದೇ ಬೀಜದಲ್ಲಿ ಮಿತಿಯ ಸಾವಿರಾರು ಪಟ್ಟು ಇರಬಹುದು. ಚೀಲದ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಆ ಒಂದು ಬೀಜ ಸಿಕ್ಕರೂ ಸಿಕ್ಕಿತು, ತಪ್ಪಿದರೂ ತಪ್ಪಿತು. ಹಲವು ಚೀಲಗಳ ಹಲವು ಕಡೆಯಿಂದ ಕಿಲೋಗಟ್ಟಲೆ ತೆಗೆದು, ಬೆರೆಸಿ, ನುಣ್ಣಗೆ ಬೀಸಿದ ಮೇಲೆ ಪರೀಕ್ಷೆಗೆ ಅರ್ಥ. ಪಟ್ಟಿಯ ಬೆಲೆ ಇಳಿದಷ್ಟು ಸುಲಭವಾಗಿ ಈ ಕೆಲಸದ ಬೆಲೆ ಇಳಿಯದು.

ಇನ್ನು, ಪಟ್ಟಿ ಯಾರ ಕೈಯಲ್ಲಿರುತ್ತದೆ? ಖರೀದಿದಾರನ ಬಳಿ ಮಾತ್ರ ಇದ್ದರೆ ಅದು ಬೆಲೆ ಮುರಿಯುವ ಸಾಧನವಾಗುತ್ತದೆ. ಬೇಡವೆಂದ ಚೀಲವನ್ನು ರೈತ ಸುಡುವುದಿಲ್ಲ. ಮುಂದಿನ ಸಂತೆಗೆ ಒಯ್ಯುತ್ತಾನೆ, ಇಲ್ಲವೇ ಮನೆಯವರೇ ಉಣ್ಣುತ್ತಾರೆ. ರಫ್ತಿನ ಶೇಂಗಾಕ್ಕೆ ಯುರೋಪು ನಮಗಿಂತ ಬಿಗಿಯಾದ ಮಿತಿ ಇಟ್ಟಿದೆ. ಒಳ್ಳೆಯದು ಹಡಗು ಹತ್ತಿ, ಉಳಿದದ್ದು ಊರಲ್ಲೇ ಉಳಿಯುವುದು ಬಡ ದೇಶಗಳಿಗೆ ಹೊಸತೇನಲ್ಲ. ಪರೀಕ್ಷೆಯ ಜೊತೆಗೆ ತಿರಸ್ಕೃತ ಕಾಳಿಗೆ ಒಂದು ದಾರಿ, ಒಂದಿಷ್ಟು ಪರಿಹಾರ ಇಲ್ಲದಿದ್ದರೆ ಬಯೋಸೆನ್ಸರ್ ಬಂದದ್ದರಿಂದ ಬಡವನ ತಟ್ಟೆಗೆ ಏನೂ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ರಕ್ಷಣೆ ಒಣಗಿಸುವುದೇ. ಅದಕ್ಕೆ ಸೆನ್ಸರ್ ಬೇಕಿಲ್ಲ. ಆಫ್ರಿಕಾದ ಹಳ್ಳಿಗಳಲ್ಲಿ ಕಲಿಸುವ ಒಂದು ಉಪಾಯ ಹೇಳುತ್ತೇನೆ. ಒಣಗಿದ ಗಾಜಿನ ಬಾಟಲಿಗೆ ಒಂದಷ್ಟು ಮೆಕ್ಕೆಜೋಳ, ಎರಡು ಚಮಚ ಒಣ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಾಡಿಸಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿನ ಒಳಮೈಗೆ ಅಂಟಿಕೊಂಡರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚಿದೆ, ಚೀಲ ತುಂಬಬೇಡಿ. ಅಂಟದಿದ್ದರೂ ಇನ್ನೆರಡು ಬಿಸಿಲು ಕಾಣಿಸುವುದು ಕ್ಷೇಮ, ಏಕೆಂದರೆ ಹೆಚ್ಚು ಕಾಲ ಇಡಲು 13ರ ಆಸುಪಾಸಿಗೆ ಇಳಿಯಬೇಕು.

ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳದ ರಾಶಿಯೂ, ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಕೀಳುವುದೂ ಹಿಂಗಾರು ಮಳೆಯ ಹೊತ್ತಿಗೇ ಬರುತ್ತವೆ. ಕಾಳನ್ನು ಬರಿನೆಲದ ಮೇಲೆ ಹರಡಬೇಡಿ, ತಾಡಪಾಲು ಹಾಸಿ. ಬೀಜ ಆರಿಸುವಾಗ ಬೂಷ್ಟು ಹಿಡಿದದ್ದು, ಸುಕ್ಕಾದದ್ದು, ಬಣ್ಣಗೆಟ್ಟದ್ದನ್ನು ತೆಗೆದುಹಾಕಿ. ತೆಗೆದದ್ದನ್ನು ಗಾಣಕ್ಕೂ ಕೊಡಬೇಡಿ, ದನಕ್ಕೂ ಹಾಕಬೇಡಿ. ಹಿಂಡಿಯಲ್ಲಿ ಉಳಿದ ನಂಜು ರೂಪ ಬದಲಿಸಿ ಹಾಲಿನಲ್ಲಿ ಇಳಿಯುತ್ತದೆ, ಆ ಹಾಲು ಮತ್ತೆ ನಿಮ್ಮ ಮನೆಯ ಮಕ್ಕಳಿಗೇ ಬರುತ್ತದೆ.